ಅಕ್ಕೋರು ಕತ್ತರಿಸಿದ ಉಗುರು

ಮೊದಲ ಸಲ ನಮ್ಮ ಮನೆಗೆ ಬಂದಾಗ ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದವರು. ರೊಟ್ಟಿ ಬಡಿಯುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ದಿನಾ ಎಷ್ಟು ರೊಟ್ಟಿ ಬಡೀತೀರಿ ಅಕ್ಕಾರೆ?" ಎಂದರು.

"ಮೂವತ್ತು."

"ಅದಕ್ಕೇ ಬಲಗೈ ದೊಡ್ಡದಾಗೈತೆ, ಎಡಗೈ ಸಣ್ಣದಾಗೈತೆ."

ಅವರು ಹೋದ ಮೇಲೆ ಎರಡೂ ಕೈ ಜೋಡಿಸಿ ನೋಡಿಕೊಂಡೆ. ಹೌದು, ನಿಜ. ಮದುವೆಯಾಗಿ ಹದಿನಾಲ್ಕು ವರ್ಷ ಅದೇ ಕೈಗಳನ್ನು ಜೋಡಿಸಿ ದೇವರಿಗೆ ಮುಗಿದವಳು ನಾನು. ಒಂದು ದಿನವೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರಂತೆ. ನನಗೆ ತಿಳಿದದ್ದು ದೀಪಾವಳಿ ಹೊತ್ತಿಗೆ, ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಅವರ ಊರಿನ ಕಡೆಯವರೊಬ್ಬರು ಸಿಕ್ಕಾಗ. ಮನೆಗೆ ಬಂದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅವರ ಪಾಲಿನದೊಂದು ಹೂವನ್ನೂ ಏರಿಸಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದ್ದಾಗ ಹೆಸರು ಹಿಡಿದು ಕರೆದವಳಲ್ಲ. ಇಡೀ ಊರಿಗೆ ಅವರು ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಎಲ್ಲರೂ ಹಾಗೇ ಅನ್ನುವುದು.

ನಮ್ಮೂರು ತಂಬ್ರಹಳ್ಳಿಯಿಂದ ಒಳಗಿರುವ ಸಣ್ಣ ಹಳ್ಳಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಕ್ಕೋರು ತೆಲಿಗಿಯ ಕಡೆಯಿಂದ ವರ್ಗವಾಗಿ ಬಂದು, ನಮ್ಮ ಪಡಸಾಲೆಯ ಪಕ್ಕದ ಕೋಣೆಯಲ್ಲಿ ನಾಲ್ಕು ವರ್ಷ ಇದ್ದರು. ಒಬ್ಬರೇ ಇದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವ ಆಸೆ ನನಗೆ ನಾಲ್ಕು ವರ್ಷವೂ ಇತ್ತು, ಧೈರ್ಯವಾಗಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಅವರ ಕೋಣೆಯ ಬಾಗಿಲು ಕಾಣುತ್ತಿತ್ತು. ಅದರಿಂದ ನನಗೆ ಬೇಕಾದಷ್ಟು ಗೊತ್ತಾಗುತ್ತಿತ್ತು. ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುವರು. ಕಿರಾಣಿ ಸಾಮಾನು ಕಟ್ಟಿಕೊಂಡು ಬಂದ ಕಾಗದದ ಚೂರನ್ನು ಬಿಚ್ಚಿ, ಸುಕ್ಕು ತಿದ್ದಿ, ಎರಡೂ ಮಗ್ಗುಲು ಓದಿ ಆಮೇಲೆ ಬಿಸಾಡುವರು. ಶನಿವಾರ ಮಧ್ಯಾಹ್ನ ಊರಿಗೆ ಹೋಗುವಾಗ ನಾನು ದೇವರ ಮುಂದೆ ಕುಳಿತಿದ್ದರೆ ಹೊಸ್ತಿಲಲ್ಲಿ ನಿಂತು, "ಅಕ್ಕಾರೆ, ನಂದೂ ಒಂದು ನಮಸ್ಕಾರ ಹಾಕಿಬಿಡ್ರಿ, ಬಸ್ಸಿಗೆ ಹೊತ್ತಾಯ್ತು" ಎಂದು ಓಡುವರು. ಹಾಕುತ್ತಿದ್ದೆ.

ಅವರ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು: "ಯಾರು ನೋಡಿದೋರು?" ಕೇರಿಯ ಕೊನೆಯ ಹುಣಸೆಮರದಲ್ಲಿ ದೆವ್ವ ಐತಿ ಎಂದರೆ, "ಯಾರು ನೋಡಿದೋರು?" ಇಂಥ ಜಾತಿಯ ಹುಡುಗರಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದರೆ, "ಯಾರು ನೋಡಿದೋರು?" ಜಗಳಕ್ಕೆ ಕೇಳಿದಂತೆ ಇರುತ್ತಿರಲಿಲ್ಲ. ನೋಡಿದವರು ಯಾರಾದರೂ ಸಿಕ್ಕರೆ ಕೂರಿಸಿಕೊಂಡು ಕೇಳೋಣ ಎಂಬ ಹಾಗೆ ಕೇಳುವರು.

ಬಂದ ಎರಡನೇ ವರ್ಷದ ಶ್ರಾವಣ. ಪ್ರತಿ ಸೋಮವಾರ ಸರದಿಯಂತೆ ಒಂದಿಷ್ಟು ಮಕ್ಕಳ ಕೈ ನೋಡಿ, ಉದ್ದ ಉಗುರಿದ್ದರೆ ಕತ್ತರಿಸುವುದು ಅವರ ಪದ್ಧತಿ. ಅವತ್ತು ಐದನೇ ತರಗತಿಯ ಹುಲಿಗೆಮ್ಮನ ಬಲಗೈ ಹೆಬ್ಬೆರಳಿನ ಉಗುರು ಕತ್ತರಿಸಿದರು. ಸಂಜೆ ಅವಳ ತಾಯಿ ಮಾಳಮ್ಮ ನಮ್ಮ ಅಂಗಳಕ್ಕೆ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಅಕ್ಕೋರ, ಹೊರಗ ಬರ್ರಿ. ನನ್ ಮಗಳ ಉಗುರು ಕತ್ತರಸಾಕ ನಿಮಗ ಯಾರ್ ಹೇಳಿದ್ರು?"

"ಯಾರು ಹೇಳಬೇಕು? ಉಗುರಾಗೆ ಹೊಲಸು ಸೇರ್ಕಳುತ್ತೆ ಮಾಳಮ್ಮ. ಹೊಟ್ಟೆಗೆ ಹೋದ್ರೆ ಜಂತುಹುಳ ಆಗುತ್ತೆ."

"ಅದು ಹೊಲಸಲ್ರಿ, ಅದು ನಮ್ ಅನ್ನ. ಎರಡು ತಿಂಗಳಿಂದ ಬೆಳೆಸ್ಯಾಳ. ಬರೋ ವಾರ ಕ್ರಾಸಿಂಗ್ ಸುರು. ಮೊಂಡ ಬೆರಳ ಹಿಡಕಂಡು ಏನ್ ಸುಲಿತಾಳ?"

ಅಕ್ಕೋರು ಸಿಟ್ಟಾಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು, "ಏನು ಸುಲೀತಾಳೆ? ತೋರಿಸು ಬಾ" ಎಂದರು. ಮಾಳಮ್ಮ ಬೈಯುವುದನ್ನು ಬಿಟ್ಟು, ನಮ್ಮ ದಾಸವಾಳದ ಗಿಡದಿಂದ ಒಂದು ಮೊಗ್ಗು ಕಿತ್ತು ಅದರಲ್ಲೇ ಮಾಡಿ ತೋರಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅದೆಲ್ಲ ನನಗೆ ಮೊದಲೇ ಗೊತ್ತಿತ್ತು. ಹುಲಿಗೆಮ್ಮ ಸುಲಿಯಬೇಕಿದ್ದದ್ದು ನಮ್ಮ ಹೊಲದ ಹತ್ತಿಯನ್ನು. ದೇವರಿಗೆ ದೀಪ ಹಚ್ಚುವ ಹೊತ್ತಾಯಿತೆಂದು ಒಳಗೆ ಹೋಗಿಬಿಟ್ಟೆ.

ಕ್ರಾಸಿಂಗ್ ಎಂದರೆ ಏನೆಂದು ತಿಳಿಯದವರಿಗೆ ಎರಡು ಮಾತು ಹೇಳಬೇಕು. ಬೋರಿನ ನೀರಿದ್ದ ಕೆಲವರು ಆಗ ಕಂಪನಿಗೆ ಹತ್ತಿಬೀಜ ಬೆಳೆದುಕೊಡುತ್ತಿದ್ದರು. ಒಂದು ಜಾತಿಯ ಹತ್ತಿಗೆ ಇನ್ನೊಂದು ಜಾತಿಯ ಹೂವಿನ ಪುಡಿ ಮುಟ್ಟಿಸಬೇಕು. ಅದಕ್ಕೆ ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಹುಡುಕಿ, ಬುಡಕ್ಕೆ ಹೆಬ್ಬೆರಳಿನ ಉಗುರು ಊರಿ, ಒಳಗಿನ ಕಡ್ಡಿಗೆ ಪೆಟ್ಟಾಗದಂತೆ ಎಸಳನ್ನೂ ಪುಡಿಯನ್ನೂ ಒಟ್ಟಿಗೆ ಸುಲಿದು ತೆಗೆಯಬೇಕು. ಗುರುತಿಗೆ ಕೆಂಪು ಕಾಗದ ತೊಡಿಸಬೇಕು. ಮಾರನೇ ಬೆಳಿಗ್ಗೆ ಗಂಡುಹೂವು ತಂದು ಮುಟ್ಟಿಸಬೇಕು. ಹೂವು ಹಬ್ಬ ನೋಡುವುದಿಲ್ಲ, ಭಾನುವಾರ ನೋಡುವುದಿಲ್ಲ. ಮೂರು ತಿಂಗಳು ಒಂದು ದಿನವೂ ಬಿಡುವಂತಿಲ್ಲ. ಈ ಕೆಲಸಕ್ಕೆ ಊರಲ್ಲೆಲ್ಲ ಕರೆಯುತ್ತಿದ್ದುದು ಎಂಟರಿಂದ ಹನ್ನೆರಡು ವರ್ಷದ ಹೆಣ್ಣುಮಕ್ಕಳನ್ನು. ನಮ್ಮ ಹೊಲಕ್ಕೆ ಏಳು ಮಂದಿ ಬರುತ್ತಿದ್ದರು. ನಾನು ಅವರಿಗೆ ಮಜ್ಜಿಗೆ ಕಳಿಸುತ್ತಿದ್ದೆ. ಮಜ್ಜಿಗೆ ಕಳಿಸುವ ಮನೆ ನಮ್ಮದೊಂದೇ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮರುದಿನ ಅಕ್ಕೋರು ಶಾಲೆಗೆ ಮೊದಲೇ ಎದ್ದು, ಬೇಗ ಹೂ ಬಿಟ್ಟಿದ್ದ ಇನ್ನೊಬ್ಬರ ಹೊಲಕ್ಕೆ ಹೋಗಿ ನೋಡಿ ಬಂದರು. ಬಂದವರೇ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು.

"ಅಕ್ಕಾರೆ, ಈ ಕೆಲಸಕ್ಕೆ ಸಣ್ಣ ಹುಡುಗೀರೇ ಯಾಕೆ?"

"ಬೆರಳು ಸಣ್ಣವು ಇರ್ತಾವಲ್ರಿ. ಗಿಡಾನೂ ಅವರ ಎತ್ತರಕ್ಕ ಇರ್ತಾವು."

"ಇಷ್ಟೇನಾ?"

ನನಗೆ ಹೇಳಲು ಸಂಕೋಚವಾಯಿತು. "ಇನ್ನೊಂದ್ ಐತ್ರಿ. ದೊಡ್ಡಾಕಿ ಆದೋರು ಬರಂಗಿಲ್ಲ. ಮುಟ್ಟಾದೋರು ಕ್ರಾಸಿಂಗ್ ಹೊಲಕ್ಕ ಕಾಲಿಟ್ರ ಕಾಯಿ ಕಟ್ಟಂಗಿಲ್ಲ."

"ಯಾರು ನೋಡಿದೋರು?"

"ಎಲ್ಲಾರೂ ಹೇಳ್ತಾರ್ರಿ."

"ಗಿಡದ ಹುಳಕ್ಕೆ ಎಣ್ಣೆ ಹೊಡೆಯೋ ಗಂಡಸು ಕುಡಿದು ಬಂದ್ರೆ ಕಟ್ಟುತ್ತಾ?"

ನನಗೆ ನಗು ಬಂತು. ಅವರು ನಗದೆ ನನ್ನ ಕೊರಳ ಕಡೆ ನೋಡಿದರು. "ನಿಮ್ಮಲ್ಲಿ ಹೊರಗೆ ಕೂರೋ ಪದ್ಧತಿ ಇಲ್ಲ ಅಲ್ವಾ? ಆ ದಿನಗಳಲ್ಲೂ ಪೂಜೆ ಮಾಡ್ತೀರಿ, ನೋಡೀನಿ."

"ಲಿಂಗ ಕಟ್ಟಿಕಂಡೋರಿಗೆ ಸೂತಕ ಇಲ್ರಿ. ನಮ್ಮಪ್ಪ ಸಣ್ಣಾಕಿದ್ದಾಗಿಂದ ಹೇಳ್ಯಾನ."

"ಹಂಗಾದ್ರೆ ಲಿಂಗಕ್ಕೆ ನಡೆಯುತ್ತೆ, ಹತ್ತಿಗೆ ನಡೆಯಲ್ವಾ ಅಕ್ಕಾರೆ?"

ಇಷ್ಟು ಕೇಳಿ ಎದ್ದು ಶಾಲೆಗೆ ಹೋದರು. ನಾನು ಒಲೆಯ ಮುಂದೆ ಉಳಿದೆ. ಒಂದು ರೊಟ್ಟಿ ಹೊತ್ತಿತು.

ಮುಂದಿನ ಸೋಮವಾರ ಅವರು ಒಂದು ಕೆಲಸ ಮಾಡಿದರು. ಶಾಲೆಯಲ್ಲಿ ಹೆಬ್ಬೆರಳಿನ ಉಗುರು ಬೆಳೆಸಿದ್ದ ಹನ್ನೊಂದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಎಲ್ಲರ ಉಗುರನ್ನೂ ಬುಡಮಟ್ಟ ಕತ್ತರಿಸಿದರು. ಈ ಸಲ ಹೊಲಸಿನ ಮಾತೇ ಆಡಲಿಲ್ಲ. ಉಗುರಿಲ್ಲದಿದ್ದರೆ ಹೊಲದಲ್ಲಿ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಶಾಲೆಗೆ ಬರುತ್ತಾರೆ. ಹಾಗೆ ತಿಳಿದಿದ್ದರು. ಹಿಂದಿನ ವರ್ಷ ಮೂರು ತಿಂಗಳು ಹೊಲಕ್ಕೆ ಹೋಗಿ ಬಂದ ಹುಲಿಗೆಮ್ಮ ತನ್ನ ಹೆಸರಿನ ಒತ್ತಕ್ಷರವನ್ನೇ ಮರೆತು, ಸ್ಲೇಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದಳಂತೆ. ಅದನ್ನು ನನಗೆ ಹೇಳುವಾಗ ಅಕ್ಕೋರ ದನಿ ಬೇರೆಯಾಗಿತ್ತು.

ನಮ್ಮ ಮನೆಯವರಿಗೆ ಸುದ್ದಿ ಮುಟ್ಟಿತು. "ನಮ್ ಮನ್ಯಾಗ ಇದ್ಕಂಡು ನಮ್ ಹೊಲಕ್ಕ ಕತ್ತರಿ ಹಾಕ್ತಾಳಲ್ಲ ಈಕಿ" ಎಂದು ಊಟಕ್ಕೆ ಕುಳಿತಲ್ಲೇ ಕೂಗಾಡಿದರು. ಗೋಡೆಯಾಚೆಯ ಅಕ್ಕೋರಿಗೆ ಕೇಳಲಿ ಎಂದೇ ಕೂಗಿದ್ದು. ಸ್ವಲ್ಪ ಹೊತ್ತಿಗೆ ಅತ್ತ ಕಡೆಯಿಂದ ಅವರು ಪಾತ್ರೆ ತೊಳೆಯುವ ಸಪ್ಪಳ ಎಂದಿನಂತೆ ಕೇಳಿಸಿತು.

ಹುಡುಗಿಯರು ಹೊಲ ಬಿಡಲಿಲ್ಲ. ಬಿಡುವುದು ಅವರ ಕೈಯಲ್ಲಿತ್ತೇ? ಒಬ್ಬಳು ಪಿನ್ನು ತಂದಳು, ಒಬ್ಬಳು ಅರ್ಧ ಬ್ಲೇಡು. ಪಿನ್ನು ತಾಗಿದರೆ ಒಳಗಿನ ಕಡ್ಡಿ ಗಾಯವಾಗಿ ಕಂಪನಿಯ ಕಡೆಯವನು ಬೈಯುತ್ತಿದ್ದ. ಹುಲಿಗೆಮ್ಮ ತಾನೇ ಒಂದು ಉಪಾಯ ಕಂಡುಕೊಂಡಳು. ಗಿಡದ ಮುಂದೆ ಬಗ್ಗಿ, ಮೊಗ್ಗಿನ ಬುಡವನ್ನು ಮುಂದಿನ ಹಲ್ಲಲ್ಲಿ ಮೆಲ್ಲಗೆ ಕಚ್ಚಿ, ಬೆರಳಿಂದ ಎಸಳು ಎಳೆಯುವುದು. ಎಲ್ಲರಿಗಿಂತ ಜಲ್ದಿ ಸುಲಿದಳಂತೆ. ಉಳಿದವರು ಅವಳನ್ನು "ಇಲಿ" ಎಂದು ಚಾಷ್ಟಿ ಮಾಡಿದರಂತೆ.

ಅವತ್ತು ಆ ಮೊಗ್ಗುಗಳಿಗೆ ಬೆಳಿಗ್ಗೆಯಷ್ಟೇ ಎಣ್ಣೆ ಹೊಡೆಸಿದ್ದೆವು. ಕೀಟಕ್ಕೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ಎಣ್ಣೆ ಅಂತಲೇ ಅನ್ನುವುದು. ಒಗ್ಗರಣೆಗೆ ಹಾಕುವುದಕ್ಕೂ ಅದಕ್ಕೂ ಒಂದೇ ಹೆಸರು. ಎಷ್ಟು ವರ್ಷದಿಂದ ಅಂದಿದ್ದೆವೋ, ಅದು ವಿಷವೆಂದು ಮನಸ್ಸಿಗೆ ಹೊಳೆದೇ ಇರಲಿಲ್ಲ.

ನಾಲ್ಕು ಗಂಟೆಗೆ ಹುಲಿಗೆಮ್ಮ ಸಾಲಿನಲ್ಲೇ ಬಿದ್ದಳು. ಬಾಯಲ್ಲಿ ನೊರೆ, ಕಣ್ಣು ಮೇಲೆ. ನಮ್ಮ ಮನೆಯವರು ಅವಳನ್ನು ಮೋಟರ್ ಸೈಕಲ್ ಮೇಲೆ ಮುಂದೆ ಕೂರಿಸಿಕೊಂಡರು, ಹಿಂದೆ ಮಾಳಮ್ಮ ಹಿಡಿದುಕೊಂಡಳು. ಹಾಗೆ ಹಗರಿಬೊಮ್ಮನಹಳ್ಳಿಯ ದವಾಖಾನೆಗೆ ಒಯ್ದರು. ನಾನೂ ಅಕ್ಕೋರೂ ಸಿಕ್ಕ ಟ್ರ್ಯಾಕ್ಟರ್ ಹತ್ತಿ ಹೋದೆವು. ದಾರಿಯುದ್ದ ನಾನು ಕೊಟ್ಟೂರೇಶನನ್ನು ಕರೆದೆ. ಗಾಡಿಗೆ ಪೆಟ್ರೋಲ್ ಇತ್ತು. ಡಾಕ್ಟರು ಮನೆಗೆ ಹೋಗಿರಲಿಲ್ಲ. ಕೂಸಿನ ಹೊಟ್ಟೆಯಲ್ಲಿ ಮಧ್ಯಾಹ್ನದ ರೊಟ್ಟಿ ಇತ್ತು. ಇಷ್ಟು ಉಪಕಾರ ಮಾಡಿದ ಸ್ವಾಮಿ ಜೀವ ಒಂದು ಉಳಿಸಲಾರನೇ ಎಂದು ದವಾಖಾನೆಯ ಬಾಗಿಲಲ್ಲಿ ಅಕ್ಕೋರ ಮುಂದೆ ಎಣಿಸಿದೆ.

"ನೀವು ಉಪಕಾರ ಎಣಿಸ್ತೀರಿ ಅಕ್ಕಾರೆ" ಎಂದರು ಅವರು. "ನಾನು ಹಾಜರಿ ಎಣಿಸೋಳು. ಇಬ್ಬರ ಲೆಕ್ಕ ತಾಳೆ ಆಗಲ್ಲ."

ಉಳಿದಳು. ಮೂರನೇ ದಿನ ಎದ್ದು ಕುಳಿತು ಬ್ರೆಡ್ಡು ತಿಂದಳು. ಹಲ್ಲಿಂದ ಸುಲಿದ ಸಂಗತಿ ನಮಗೆ ತಿಳಿದದ್ದೇ ಆಗ, ಅವಳ ಬಾಯಿಂದ. ಅಕ್ಕೋರು ಹಾಸಿಗೆಯ ಪಕ್ಕ ನೆಲಕ್ಕೆ ಕುಳಿತುಬಿಟ್ಟರು.

"ತಪ್ಪು ನಂದೈತೆ ಮಾಳಮ್ಮ. ಉಗುರು ತೆಗೆದ್ರೆ ಹೊಲ ತಪ್ಪುತ್ತೆ ಅಂತ ತಿಳಿದೆ. ಕೂಸು ಹಲ್ಲು ತಗಂಡು ಹೋಗುತ್ತೆ ಅಂತ ತಿಳೀಲಿಲ್ಲ."

ಮಾಳಮ್ಮ ಗೋಡೆ ನೋಡುತ್ತಾ ಕುಳಿತಿದ್ದಳು. ಹುಲಿಗೆಮ್ಮನೇ ಅಕ್ಕೋರನ್ನು ಸಮಾಧಾನ ಮಾಡಿದಳು: "ಬೆಳಿತೈತ್ ಬಿಡ್ರಿ ಅಕ್ಕೋರ. ಹದಿನೈದ್ ದಿನದಾಗ ಮೊದಲಿನಂಗ ಬೆಳಿತೈತಿ."

ಆ ಮಾತು ಕೇಳಿ ಅಕ್ಕೋರು ಎದ್ದು ಹೊರಗೆ ಹೋದರು. ನಾನು ಹಿಂದೆ ಹೋಗಲಿಲ್ಲ.

ಊರಿಗೆ ಮರಳುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ನಮ್ಮ ಕಟ್ಟೆಯ ಮೇಲೆ ಹತ್ತು ಮಂದಿ ಗಂಡಸರು ಕುಳಿತಿದ್ದರು, ಬಹುಪಾಲು ಬೀಜದ ಹತ್ತಿ ಹಾಕಿದವರೇ. ಅಕ್ಕೋರನ್ನು ಊರಿಂದ ಎತ್ತಿಸಲು ಮೇಲಿನವರಿಗೆ ಅರ್ಜಿ ಬರೆಯುವ ಮಾತು ನಡೆದಿತ್ತು. ಉಗುರು ಕತ್ತರಿಸಿದ್ದಕ್ಕೇ ಕೂಸು ಸಾಯಾಕ ಬಿದ್ದಿತ್ತು ಎಂದು ಒಬ್ಬ. ಶಾಲೆ ಕಲಿಸೋದು ಬಿಟ್ಟು ಹೊಲ ಕಾಯಾಕ ಬರ್ತಾಳ ಎಂದು ಇನ್ನೊಬ್ಬ. ಅಕ್ಕೋರು ತಮ್ಮ ಬಾಗಿಲಲ್ಲಿ ಕೈ ಕಟ್ಟಿ ನಿಂತು ಕೇಳುತ್ತಿದ್ದರು. "ನಾನು ಕತ್ತರಿಸಿದ್ದು ಹೌದು, ಬರೀರಿ" ಎಂದರು, ಅಷ್ಟೇ.

ಗಂಡಸರ ನಡುವೆ ಮಾತಾಡಿದವಳಲ್ಲ ನಾನು. ಕೈಯಲ್ಲಿ ಚಹಾದ ತಟ್ಟೆ ಇತ್ತು. ಅದನ್ನು ಕೆಳಗಿಟ್ಟು, ನಮ್ಮ ಮನೆಯವರ ಕಡೆ ತಿರುಗಿ, "ಉಗುರಿನ್ಯಾಗ ವಿಷ ಇರಲಿಲ್ಲರಿ, ಮೊಗ್ಗಿನ್ಯಾಗ ಇತ್ತು. ಮುಂಜಾನಿ ಹೊಡಿಸಿ ಮಧ್ಯಾಹ್ನ ಕೂಸುಗಳನ್ನ ಒಳಗ ಬಿಟ್ಟೋರು ನಾವು. ಅರ್ಜ್ಯಾಗ ಅದನ್ನೂ ಬರಸ್ರಿ" ಎಂದೆ.

"ಲೇ, ನೀ ಒಳಗ ನಡಿ" ಎಂದರು ಅವರು.

ನಡೆದೆ. ಚಹಾ ಮಾತ್ರ ಅಲ್ಲೇ ಆರಿತು, ಒಬ್ಬರೂ ಮುಟ್ಟಲಿಲ್ಲ. ಅರ್ಜಿಯೂ ಹೋಗಲಿಲ್ಲ. ಮೂರು ದಿನ ನಮ್ಮ ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೆ ಎಣ್ಣೆ ಹೊಡೆಸಿದ ದಿನ ಯಾರನ್ನೂ ಹೊಲಕ್ಕೆ ಬಿಡದಾದರು, ಆ ದಿನದ ಹೂವು ಹೋದರೆ ಹೋಗಲಿ ಎಂದು. ಅದನ್ನೂ ನಾನು ಉಪಕಾರಗಳ ಸಾಲಿಗೆ ಸೇರಿಸಿಕೊಂಡೆ.

ಹುಲಿಗೆಮ್ಮನ ಸಾಲು ಖಾಲಿ ಬಿದ್ದಿತ್ತು. ಹೂವು ಕಾಯುವುದಿಲ್ಲ. ಮಗಳು ಚೇತರಿಸಿಕೊಂಡರೆ ಮಾಳಮ್ಮ ಕಳಿಸುವವಳೇ. ಅವಳ ಮನೆಯ ಸ್ಥಿತಿ ಹಾಗಿತ್ತು. ನಮ್ಮ ಮನೆಯವರೂ ಬರಲಿ ಎನ್ನುವವರೇ. ಅವಳು ಶಾಲೆಗೆ ಹೋಗುವಳೋ ಆ ಸಾಲಿಗೆ ಹೋಗುವಳೋ ಎಂಬುದು ಆ ಸಾಲಿನಲ್ಲಿ ಬೇರೆ ಯಾರು ನಿಲ್ಲುತ್ತಾರೆ ಎಂಬುದರ ಮೇಲಿತ್ತು. "ಅಲ್ಲೀ ತನಕ ನಾ ಹೋಗ್ತೀನಿ" ಎಂದೆ. ಮನೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ದಿನಗಳಾಗ ಮಾತ್ರ ಕಾಲಿಡಬ್ಯಾಡ" ಎಂದರು.

ನಾಲ್ಕು ದಿನ ಮೊಗ್ಗು ಸುಲಿದೆ, ಹೂ ಮುಟ್ಟಿಸಿದೆ. ನನ್ನ ಎತ್ತರಕ್ಕೆ ಸೊಂಟ ಮುರಿದುಹೋಯಿತು. ಆ ಕೂಸುಗಳು ಮೂರು ತಿಂಗಳು ಹೇಗೆ ನಿಲ್ಲುತ್ತಿದ್ದವೋ. ನೆತ್ತಿ ಕಾಯುತ್ತದೆ, ಗಿಡದ ವಾಸನೆಗೇ ತಲೆನೋವು ಹಿಡಿಯುತ್ತದೆ. ಪಕ್ಕದ ಸಾಲಿನ ಹುಡುಗಿಯನ್ನು ನಿನಗೂ ತಲಿ ನೋಯ್ತದೇನು ಎಂದು ಕೇಳಿದರೆ, "ದಿನಾ ನೋಯ್ತೈತ್ರಿ" ಎಂದಳು, ದಿನಾ ಊಟ ಮಾಡ್ತೀನಿ ಎಂಬಷ್ಟು ಸಹಜವಾಗಿ.

ಐದನೇ ದಿನ ನಾನು ಮುಟ್ಟಾದೆ.

ಬೆಳಿಗ್ಗೆ ಲಿಂಗಪೂಜೆಗೆ ಕುಳಿತೆ, ಎಂದಿನಂತೆ. ಆಮೇಲೆ ಬಾಗಿಲಲ್ಲಿ ನಿಂತೆ. ಅಕ್ಕೋರು ಶಾಲೆಗೆ ಹೊರಟಿದ್ದರು. ಮೆಲ್ಲಗೆ ಹೇಳಿದೆ. ಹೋಗಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. "ನಿಮ್ಮ ಪೂಜೆ ಆಯ್ತಾ?" ಎಂದರು. ಆಯ್ತು ಎಂದೆ. "ಹಂಗಾರೆ ನನ್ನ ಯಾಕೆ ಕೇಳ್ತೀರಿ?" ಎಂದು ಹೋದರು. ನನ್ನ ದೇವರನ್ನು ನನ್ನ ಕೈಗೇ ಕೊಟ್ಟು ಹೋದ ಹಾಗಾಯಿತು.

ಹೋದೆ. ಮೂರು ದಿನವೂ ಹೋದೆ. ಮುಟ್ಟಿಸಿದ ಒಂದೊಂದು ಹೂವಿಗೂ ಶಿವಾ ಎಂದೆ. ನಾನು ಮುಟ್ಟಿಸಿದ ಗಿಡಗಳ ಗುರುತಿಗೆ ಹಳೆಯ ಸೀರೆಯ ದಾರ ಕಟ್ಟಿದೆ.

ಹತ್ತು ದಿನದ ಮೇಲೆ ಒಂದು ಶನಿವಾರ. ಹೊಲದಲ್ಲಿ ಕಳೆ ತೆಗೆಯಲು ಬಂದ ಹೆಂಗಸರು ಬೇವಿನ ಮರದ ಕೆಳಗೆ ಊಟಕ್ಕೆ ಕುಳಿತಿದ್ದರು. ಮಾಳಮ್ಮನೂ ಇದ್ದಳು. ಸೋಮವಾರದಿಂದ ಮಗಳನ್ನು ಹೊಲಕ್ಕೆ ಕಳಿಸುತ್ತೇನೆ ಎಂದು ಬೆಳಿಗ್ಗೆಯೇ ಹೇಳಿದ್ದಳು. ಅರ್ಧ ದಿನದ ಶಾಲೆ ಮುಗಿಸಿದ ಅಕ್ಕೋರು ಬಸ್ಸು ಬಿಟ್ಟು ನನ್ನ ಜೊತೆ ಬಂದಿದ್ದರು. ನಮ್ಮ ಮನೆಯವರು ಆಚೆ ಪಂಪಿನ ಹತ್ತಿರ ಬೆನ್ನು ಮಾಡಿ ನಿಂತಿದ್ದರು.

ದಾರ ಕಟ್ಟಿದ ಗಿಡಗಳನ್ನು ಒಂದೊಂದಾಗಿ ನೋಡಿ ಬಂದೆ. ಬಂದವಳು ಹೆಂಗಸರ ನಡುವೆ ನಿಂತು, ನೆಲ ನೋಡುತ್ತಾ, ನಾನು ಮುಟ್ಟಾಗಿದ್ದಾಗ ಮೂರು ದಿನ ಕ್ರಾಸಿಂಗ್ ಮಾಡೀನಿ, ಕಾಯಿ ಕಟ್ಯಾವು, ಬೇಕಾದ್ರ ಬಂದು ನೋಡ್ರಿ ಎಂದು ಹೇಳಿಬಿಟ್ಟೆ. ಯಾರಾದರೂ ಉಗುಳಬಹುದು ಎಂದುಕೊಂಡಿದ್ದೆ.

ಮಾಳಮ್ಮ ಬಾಯಲ್ಲಿದ್ದ ತುತ್ತು ನುಂಗಿದಳು. "ಅಮ್ಮಾರ, ಹತ್ ವರ್ಷದಿಂದ ನಿಮ್ ಹೊಲ್ದಾಗ ಕಳಿ ತಗದೀವಿ, ಹತ್ತಿ ಬಿಡಿಸೀವಿ. ತಿಂಗಳಿಗೆ ನಾಕ್ ದಿನ ಮನ್ಯಾಗ ಕುಂತ್ರ ನಮ್ ಒಲಿ ಹತ್ತೋದ್ ಹೆಂಗ? ಹೇಳದಂಗ ಬರ್ತಿದ್ವಿ. ಈ ಕ್ರಾಸಿಂಗ್ ಸಾಲಿನ್ಯಾಗೂ ಹಾದು ಹೋಗೀವಿ. ನಿಮ್ ಹೊಲ ಏನ್ ಬಂಜರ ಬಿದ್ದೈತೇನ್ರಿ?"

ಉಳಿದವರು ಸೆರಗು ಬಾಯಿಗೆ ಹಿಡಿದು ನಕ್ಕರು. ಒಬ್ಬಳು, "ನಾ ಈಗೂ ಅದೀನ್ರಿ" ಎಂದಳು. ನಗು ಇನ್ನೂ ಜೋರಾಯಿತು.

"ಮತ್ತ ಇಷ್ಟ್ ವರ್ಷ ಯಾಕ್ ಹೇಳಲಿಲ್ಲ ನೀವು?" ಎಂದೆ.

"ನೀವ್ ಕೇಳಿದ್ರೇನು?" ಎಂದಳು ಮಾಳಮ್ಮ.

ಅಕ್ಕೋರು ಜೋರಾಗಿ ನಕ್ಕದ್ದನ್ನು ನಾಲ್ಕು ವರ್ಷದಲ್ಲಿ ನಾನು ನೋಡಿದ್ದು ಆಗ ಮಾತ್ರ. ನಗು ನಿಂತ ಮೇಲೆ ಅವರು ಮಾಳಮ್ಮನ ಎದುರು ಕುಕ್ಕರುಗಾಲಲ್ಲಿ ಕುಳಿತು ಒಂದೇ ಮಾತು ಕೇಳಿದರು: "ಹಂಗಾರೆ ಆ ಸಾಲಿಗೆ ನೀನೇ ಯಾಕೆ ಬರಬಾರದು?"

"ನಾ ಬರ್ತೀನ್ರಿ. ಇವರು ದೊಡ್ಡೋರ ಕೂಲಿ ಕೊಡಬೇಕಲ್ಲ."

ಎಲ್ಲರೂ ಪಂಪಿನ ಕಡೆ ನೋಡಿದೆವು. ನಮ್ಮ ಮನೆಯವರು ತಿರುಗಲಿಲ್ಲ. ಸ್ಪ್ಯಾನರ್ ಹಿಡಿದು ಬೋಲ್ಟು ಬಿಗಿಯುತ್ತಲೇ, "ಸೋಮವಾರ ಎಂಟಕ್ಕ ಬಾ. ತಡ ಮಾಡಬ್ಯಾಡ" ಎಂದರು.

ಊರೇನೂ ಒಮ್ಮೆಗೇ ಬದಲಾಗಲಿಲ್ಲ. ಬೇರೆಯವರ ಹೊಲಗಳಲ್ಲಿ ಹುಡುಗಿಯರು ಆ ವರ್ಷವೂ ಇದ್ದರು. ನಮ್ಮ ಹೊಲದಲ್ಲೇ ಏಳರಲ್ಲಿ ಇಬ್ಬರು ಹಂಗಾಮು ಮುಗಿಯುವವರೆಗೆ ಉಳಿದರು. ಐದು ಮಂದಿ ಬಿಟ್ಟರಲ್ಲ ಎಂದು ನಾನು ಹೇಳಿದಾಗಲೆಲ್ಲ ಅಕ್ಕೋರು ಆ ಇಬ್ಬರ ಹೆಸರು ಹೇಳುತ್ತಿದ್ದರು. ಅವರ ತಾಯಂದಿರ ಮನೆಗೆ ಸಂಜೆ ಸಂಜೆ ಹೋಗಿ ಕುಳಿತು ಬರುತ್ತಿದ್ದರು.

ಆ ಸೋಮವಾರ ನಾನು ಬೇಗ ಹೊಲಕ್ಕೆ ಹೋದೆ. ಮಾಳಮ್ಮ ಎಂಟಕ್ಕಿಂತ ಮೊದಲೇ ಬಂದು, ಸೀರೆ ಎತ್ತಿ ಕಟ್ಟಿ, ಸಾಲಿನ ತುದಿಯಲ್ಲಿ ನಿಂತಿದ್ದಳು. ಹಿಂದೆ ದಾರಿಯ ಕಡೆ ನೋಡಿದೆ. ಶಾಲೆಯ ಗಂಟೆ ಕೇಳಿಸುವ ತನಕ ನೋಡಿದರೂ ಹುಲಿಗೆಮ್ಮ ಬರಲಿಲ್ಲ.